ಬಿಗಿಯಾಗಿದ್ದ ಬೋಲ್ಟು

ಆಯುಧಪೂಜೆಯ ಮಾರನೆಯ ದಿನ, ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಆಶಾರಾಣಿಯವರ ಬಾಗಿಲು ತಟ್ಟಿದವನು ಚನ್ನು. ಇಪ್ಪತ್ತರ ಹುಡುಗ, ಮುಖ ಸಣ್ಣದಾಗಿತ್ತು.

"ಆಂಟಿ, ನಾನೇನೂ ಮಾಡಿಲ್ಲ. ಟೀಮಿಂದ ತೆಗೀತಾರಂತೆ. ನೀವೇ ಕಾಪಾಡ್ಬೇಕು."

ಆಶಾರಾಣಿ ವಿಮಾ ಕಂಪನಿಯಲ್ಲಿ ವಾಹನ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಪಕ್ಕದ ಮನೆಯ ಖಾದರ್ ಬಾಷಾ ಅವರ ಜೊತೆಗಾರ. ಪ್ರತಿ ಪ್ರಕರಣದಲ್ಲೂ ಕಾಫಿ ಮುಗಿಯುವ ಮೊದಲೇ ಕಳ್ಳನನ್ನು ಹಿಡಿದುಬಿಡುವ ಆಸಾಮಿ. ಒಮ್ಮೆಯೂ ಸರಿಯಾದವನನ್ನು ಹಿಡಿದದ್ದಿಲ್ಲ, ಅಷ್ಟೆ.

ನಡೆದದ್ದಿಷ್ಟು. ಇಂಜಿನ್ ಇಲ್ಲದ, ಕಾಲಲ್ಲಿ ತಳ್ಳಿ ಹಾರಿಸುವ ಸ್ಟಂಟ್ ಸ್ಕೂಟರಿನಲ್ಲಿ ಚನ್ನು, ವನಿತಾ ಇಬ್ಬರೂ ಗಟ್ಟಿಗರು. ಬರುವ ವಾರದ ಸ್ಪರ್ಧೆಗೆ ವನಿತಾ ಆಯ್ಕೆಯಾಗಿದ್ದಳು. ಅವಳು ಹೋಗದಿದ್ದರೆ ಚನ್ನು. ಅವತ್ತು ಬೆಳಿಗ್ಗೆ ಕೆಂಪಾಪುರದ ಮೈದಾನದಲ್ಲಿ ಅವಳು ಹಾರಿ ಇಳಿದಾಗ ಹ್ಯಾಂಡಲ್ ಒಂದು ಕಡೆ, ಚಕ್ರ ಒಂದು ಕಡೆ ತಿರುಗಿತ್ತು. ಹೆಲ್ಮೆಟ್ ಇದ್ದದ್ದು ಪುಣ್ಯ, ಮೊಣಕೈ ಮಾತ್ರ ತರಚಿತು. ಅದಕ್ಕೆ ಮೊದಲು ಅವಳು ನೀರು ಕುಡಿಯಲು ಹೋದಾಗ ಸ್ಕೂಟರಿನ ಬಳಿ ಇದ್ದವನು ಚನ್ನು ಒಬ್ಬನೇ. ಕೈಯಲ್ಲಿ ಬೋಲ್ಟು ಬಿಚ್ಚುವ ಅಲೆನ್ ಕೀ.

"ನನ್ ಸ್ಕೂಟರ್ ಟೈಟ್ ಮಾಡ್ಕೊಳ್ತಿದ್ದೆ" ಎಂದ ಚನ್ನು.

"ಇವನೇ ಮೇಡಂ" ಎಂದು ಬಾಷಾ ಪಿಸುಗುಟ್ಟಿದರು. ಆಶಾರಾಣಿ ಆಗಲೇ ಚಪ್ಪಲಿ ಮೆಟ್ಟಿದ್ದರು.

ಮೈದಾನದಲ್ಲಿ ವನಿತಾಳ ಅಪ್ಪ ಯೋಗಾನಂದ ಕೂಗಾಡುತ್ತಿದ್ದರು. "ಬೋಲ್ಟ್ ಸಡಿಲ ಮಾಡಿದಾನೆ ಕಣ್ರೀ! ಪೊಲೀಸ್‌ಗೆ ಕೊಡ್ತೀನಿ!" ಕೋಚ್ ಸರ್ಫರಾಜ್ ತಲೆ ತಗ್ಗಿಸಿ ನಿಂತಿದ್ದ.

ಆಶಾರಾಣಿ ಸ್ಕೂಟರಿನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುವಿದರು. ಅದು ನುಣ್ಣಗೆ ಜಾರಿತು. ಹ್ಯಾಂಡಲನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಬೋಲ್ಟಿಗೆ ಕೀ ಹಾಕಲು ಹೋದರೆ ಒಳಗೇ ಇಳಿಯಲಿಲ್ಲ; ಬೋಲ್ಟಿನ ಗುಳಿಯಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಕ್ಲ್ಯಾಂಪಿನ ಸಂದಿಯನ್ನು ಕರವಸ್ತ್ರದಿಂದ ಒರೆಸಿ ಬಾಷಾರ ಮೂಗಿಗೆ ಹಿಡಿದರು.

"ನಮ್ಮನೆಯವಳ ಜಡೆ ವಾಸ್ನೆ ಮೇಡಂ. ಕೊಬ್ಬರಿ ಎಣ್ಣೆ!"

ಆಶಾರಾಣಿ ಎಲ್ಲರನ್ನೂ ಹತ್ತಿರ ಕರೆದರು. "ಯೋಗಾನಂದ ಅವರೇ, ನಿನ್ನೆ ಇದಕ್ಕೆ ಪೂಜೆ ಮಾಡಿದ್ದು ಯಾರು?"

"ನಾನೇ. ಎಲ್ಲಾ ಬಿಚ್ಚಿ ತೊಳ್ದೆ. ಪಳಪಳ ಅನ್ಲಿ ಅಂತ ಎಣ್ಣೆ ಹಚ್ಚಿ, ಟೈಟ್ ಮಾಡಿ, ಬೋಲ್ಟ್‌ಗೂ ಕುಂಕುಮ ಇಟ್ಟೆ."

"ಆ ಕುಂಕುಮ ಒಡೆದಿಲ್ಲ. ಅಂದ್ರೆ ಪೂಜೆ ಆದ್ಮೇಲೆ ಯಾರೂ ಇದಕ್ಕೆ ಕೀ ಹಾಕಿಲ್ಲ, ಚನ್ನೂನೂ ಹಾಕಿಲ್ಲ." ಪಿನ್ನಿನಿಂದ ಕುಂಕುಮ ಕೆದಕಿ ಕೀ ತಿರುವಿದರು, ಬೋಲ್ಟು ಅಲುಗಲಿಲ್ಲ. "ನೋಡಿ, ಬಿಗಿಯಾಗೇ ಇದೆ. ಆದ್ರೆ ಕ್ಲ್ಯಾಂಪ್ ಒಳಗೆ ಎಣ್ಣೆ ಇದ್ರೆ ಎಷ್ಟು ಬಿಗಿದ್ರೂ ಹಿಡಿತ ಸಿಗಲ್ಲ. ವನಿತಾ, ಹಾರೋ ಮುಂಚೆ ಕೀ ಹಾಕಿ, ಹ್ಯಾಂಡಲ್ ತಿರುವಿ ಚೆಕ್ ಮಾಡ್ಬೇಕಲ್ವಾ, ಇವತ್ತು ಯಾಕೆ ಮಾಡ್ಲಿಲ್ಲ?"

ವನಿತಾಳ ಕಣ್ಣು ತುಂಬಿತು. "ಅಪ್ಪಾನೇ ಟೈಟ್ ಮಾಡಿದಾರಲ್ಲ ಅಂತ ಬಿಟ್ಬಿಟ್ಟೆ ಆಂಟಿ."

ಯೋಗಾನಂದ ಬಗ್ಗಿ ಆ ಎಣ್ಣೆಯ ಕ್ಲ್ಯಾಂಪನ್ನು ಮುಟ್ಟಿ ನೋಡಿದರು. ಪ್ರೀತಿಯಿಂದ ಮಾಡಿದ್ದೇ ಮಗಳನ್ನು ಬೀಳಿಸಿತ್ತು. ಅದರ ಹೊಣೆಯನ್ನು ಬೇರೆಯವರ ಮಗನ ತಲೆಗೆ ಕಟ್ಟಿದ್ದರು. ತಾನೂ ಅದನ್ನೇ ಮಾಡಿದ್ದೆನಲ್ಲ ಎಂದು ಬಾಷಾರಿಗೆ ನಾಚಿಕೆಯಾಯಿತು.

ಚನ್ನು ಕ್ಲ್ಯಾಂಪ್ ಬಿಚ್ಚಿದ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಹ್ಯಾಂಡಲ್ ನೇರ ಮಾಡಿ ಬಿಗಿದ.

"ಅಂಕಲ್, ಚಕ್ರ ಗಟ್ಟಿಯಾಗಿ ಹಿಡ್ಕೊಳಿ."

ಯೋಗಾನಂದ ಹಿಡಿದರು. ಚನ್ನು ಇದ್ದ ಬಲವನ್ನೆಲ್ಲ ಹಾಕಿ ತಿರುವಿದರೂ ಹ್ಯಾಂಡಲ್ ಕದಲಲಿಲ್ಲ. ಯೋಗಾನಂದ ಚಕ್ರ ಬಿಟ್ಟು ಹುಡುಗನ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣಪ್ಪ."

"ಇವನು ಟೀಮಲ್ಲೇ ಇರ್ತಾನೆ. ವನಿತಾ ಚೆಕ್ ಮಾಡ್ದೆ ಹಾರಿದ್ದಕ್ಕೆ, ಸ್ಪರ್ಧೆಗೆ ಯಾರು ಅಂತ ನಾಳೆ ಇಬ್ರೂ ಹಾರಿ ತೋರ್ಸಿ" ಎಂದ ಸರ್ಫರಾಜ್.

ವನಿತಾ ಕಣ್ಣೊರೆಸಿಕೊಂಡು ಚನ್ನುವಿನ ಕಡೆ ತಿರುಗಿದಳು. "ನಿನ್ ಸ್ಕೂಟರೂ ತಾರೋ ಮಗಾ. ಚಕ್ರ ನಾನ್ ಹಿಡ್ಕೊತೀನಿ."