ಖಾಲಿ ಮೊಳೆ

ಸಮರ್ಕಂದದ ಆ ರೊಟ್ಟಿ ಅಂಗಡಿಯ ಗೋಡೆಯಲ್ಲಿ ಇವತ್ತಿಗೂ ಒಂದು ಖಾಲಿ ಮೊಳೆ ಇದೆ. ಮೂವತ್ತು ವರ್ಷಗಳಿಂದ ಸನೋಬರ್ ಅದಕ್ಕೆ ಏನನ್ನೂ ತೂಗುಹಾಕಿಲ್ಲ, ಬೇರೆಯವರಿಗೂ ಬಿಟ್ಟಿಲ್ಲ. ಅದರ ಕಡೆ ಕಣ್ಣು ಹೋದಾಗಲೆಲ್ಲ ಅವಳಿಗೆ ಆ ಶುಕ್ರವಾರದ ಬೆಳಗು ನೆನಪಾಗುತ್ತದೆ.

ಆಗ ಅವಳಿಗೆ ಇಪ್ಪತ್ತಮೂರು. ಅಂಗಡಿಯ ಯಜಮಾನ, ಅವಳ ಅಪ್ಪ ಹಮ್ರೊ ಉಸ್ತಾ ಅವರಿಗೆ ಒಲೆಯ ಹೊಗೆ ಕುಡಿದು ಕುಡಿದು ಎದೆ ಕಟ್ಟಿತ್ತು. ಮಧ್ಯಾಹ್ನ ಬೀದಿಯ ಹಿರಿಯರ ಮುಂದೆ ತಮ್ಮ ಸೊಂಟದ ಪಟ್ಟಿ ಬಿಚ್ಚಿ ಮುಂದಿನ ಉಸ್ತಾಗೆ, ಎಂದರೆ ಒಲೆಯ ಗುರುವಿಗೆ, ಕಟ್ಟುವುದೆಂದು ನಿಶ್ಚಯವಾಗಿತ್ತು. ಪಟ್ಟಿ ಯಾರಿಗೋ ಒಲೆಯೂ ಅವರಿಗೇ. ಒಂಬತ್ತು ವರ್ಷ ಕೈಕೆಳಗೆ ಪಳಗಿದ ತೋಲಿಬನಿಗೇ ಎಂದು ಬೀದಿಯೆಲ್ಲ ಮಾತು. ಒಲೆಯ ಜೊತೆ ಮಗಳನ್ನೂ ಕೊಡ್ತಾರಂತೆ ಎಂದು ನೆರೆಯ ಹೆಂಗಸರ ಒಗ್ಗರಣೆ ಬೇರೆ.

ಒಲೆ ಬೇಕಾಗಿದ್ದದ್ದು ಸನೋಬರಳಿಗೆ. ತೋಲಿಬನೂ ಬೇಕಾಗಿದ್ದ, ಸುಳ್ಳೇಕೆ! ಆದರೆ ಒಲೆಯ ಜೊತೆ ಬರುವ ಸೌದೆಯ ಹಾಗೆ ಅವನ ಪಾಲಿಗೆ ಹೋಗಲು ಜೀವ ಒಪ್ಪಲಿಲ್ಲ.

"ಏನಮ್ಮಾ ಚಿಕ್ಕ ಉಸ್ತಾ, ಹಿಟ್ಟಿನ ಮೇಲೆ ಯಾಕಿಷ್ಟು ಸಿಟ್ಟು?" ತೋಲಿಬ್ ಬಾಗಿಲಲ್ಲಿ ನಿಂತಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ಒರೆಸಬೇಕೆನಿಸಿತು, ಅವಳು ಕೈಯನ್ನು ನಾದುತ್ತಿದ್ದ ಹಿಟ್ಟಿನೊಳಗೇ ಹುದುಗಿಸಿಕೊಂಡಳು.

"ಇವತ್ತಿಂದ ನೀನೇ ಉಸ್ತಾ ಅಲ್ವಾ? ಹಾಲು ಕುಡಿದಷ್ಟು ಖುಷಿಯಾಗಿರ್ಬೇಕು."

"ಯಾರು ಹೇಳಿದ್ದು?"

"ಊರಿಗೂರೇ ಹೇಳ್ತಿದೆ. ನೀನೇ ಅಪ್ಪನ ಹತ್ರ ಒಲೆ ಕೇಳ್ಕೊಂಡೆಯಂತೆ."

ತೋಲಿಬ್ ಅವಳೇ ಅಚ್ಚೊತ್ತಿದ್ದ ಬಿಸಿ ರೊಟ್ಟಿಯೊಂದನ್ನು ಎತ್ತಿಕೊಂಡು, ಅಂಚನ್ನು ಒಮ್ಮೆ ಕಚ್ಚಿ, ಉಳಿದದ್ದನ್ನು ಅವಳ ಕೈಗಿಟ್ಟ.

ಊರು ಬಿಡುವವರು ಮಾಡುವ ಕೆಲಸವದು. ಕಚ್ಚಿಟ್ಟ ರೊಟ್ಟಿಯನ್ನು ಮನೆಯವರು ಮೊಳೆಗೆ ತೂಗುಹಾಕುತ್ತಾರೆ. ಹೋದವನು ಮರಳಿ ಬಂದು ಅದನ್ನು ಮುಗಿಸಬೇಕು.

"ಎಲ್ಲಿಗೆ?"

"ತಾಷ್ಕೆಂಟಿಗೆ. ಅಲ್ಲೊಂದು ಬೇಕರೀಲಿ ಕೆಲಸ ಸಿಕ್ಕಿದೆ. ನಾನಿದ್ರೆ ಪಟ್ಟಿ ನನಗೇ ಕಟ್ತಾರೆ. ನಾನಿಲ್ದಿದ್ರೆ ನಿನಗೆ ಕಟ್ಟಲೇಬೇಕಲ್ಲ." ಅವನು ಗೋಡೆಯ ಕಡೆ ನೋಡಿದ. "ಮೊಳೆ ಹೊಡೆದಿದ್ದೀನಿ. ತೂಗುಹಾಕ್ತೀಯಲ್ಲ?"

"ನನ್ನನ್ನ ಒಂದು ಮಾತು ಕೇಳಿದ್ಯಾ, ದಡ್ಡ ಶಿಖಾಮಣಿ!" ಅವಳ ಕಣ್ಣು ತುಂಬಿ ಬಂತು. "ನಿನ್ನ ಕಳ್ಕೊಂಡು ಈ ಒಲೆ ಇಟ್ಕೊಂಡು ಏನು ಮಾಡ್ಲಿ? ನನಗೆ ನೀನು ಬೇಕು ಕಣೋ."

ಹಿಂದಿನಿಂದ ಕೆಮ್ಮು ಕೇಳಿಸಿತು. ಅಯ್ಯೋ, ಅಪ್ಪ!

"ಒಲೆ ಬೇಕು ಅಂತ ನೀನು ಒಂದು ದಿನಾನಾದ್ರೂ ಬಾಯಿ ಬಿಟ್ಟಿದ್ದೀಯಾ ಮಗಳೇ?" ಎಂದರು ಹಮ್ರೊ ಉಸ್ತಾ. "ಕೇಳದಿದ್ರೆ ಹೆತ್ತ ತಾಯಿನೂ ಬಡಿಸಲ್ಲ."

"ಈಗ ಕೇಳ್ತಿದ್ದೀನಿ ಅಪ್ಪಾ."

"ಒಲೆನೋ, ಇವನನ್ನೋ?"

"ಎರಡನ್ನೂ."

ಮುದುಕರು ಮಗಳ ಕೈಯಿಂದ ರೊಟ್ಟಿ ತೆಗೆದುಕೊಂಡು ನಡುವೆ ಮುರಿದರು. ಒಂದು ತುಂಡು ಅವಳಿಗೆ, ಒಂದು ತುಂಡು ಅವನಿಗೆ. ಹೆಣ್ಣಿನ ಅಪ್ಪ ಹೀಗೆ ರೊಟ್ಟಿ ಮುರಿದು ಹಂಚಿದರೆ ಆ ಊರಲ್ಲಿ ನಿಶ್ಚಿತಾರ್ಥವಾಯಿತೆಂದೇ ಲೆಕ್ಕ.

"ಮುರಿದ ರೊಟ್ಟಿ ಮೊಳೆಗೆ ನಿಲ್ಲಲ್ಲ ಕಣಪ್ಪ," ಎಂದರು. "ತಾಷ್ಕೆಂಟಿಗೆ ಅದು ಹೇಗೆ ಹೋಗ್ತೀಯೋ ನಾನೂ ನೋಡ್ತೀನಿ."

ಮಧ್ಯಾಹ್ನ ಹಿರಿಯರು ಹೆಣ್ಣಿಗೆ ಪಟ್ಟಿಯೇ ಎಂದು ಗೊಣಗಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳ ಸೊಂಟಕ್ಕೆ ಕಟ್ಟುವಾಗ ಅವರಿಗೆ ಕೆಮ್ಮು ಬಂದು ಗಂಟು ಸಡಿಲವಾಯಿತು. ತೋಲಿಬ್ ಬಗ್ಗಿ ಅದನ್ನು ಎಳೆದು ಕಟ್ಟಿದ.

"ಬಿಗಿಯಾಯ್ತಾ, ಉಸ್ತಾ?"

'ಚಿಕ್ಕ ಉಸ್ತಾ' ಅನ್ನಲಿಲ್ಲ. ಆಮೇಲೆ ಎಂದೂ ಅನ್ನಲಿಲ್ಲ.

ಇವತ್ತು ಅವನೇ ಒಲೆಯ ಹತ್ತಿರದಿಂದ ಕೂಗಿದ, "ಉಸ್ತಾ, ಆ ತುಕ್ಕು ಮೊಳೆ ಕಿತ್ತುಬಿಡ್ಲಾ?"

"ಇರ್ಲಿ ಬಿಡು. ನೀನು ಹೋಗ್ಲಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ."

ಹತ್ತಿರ ಹೋಗಿ ಸನೋಬರ್ ಅವನ ಹುಬ್ಬಿನ ಹಿಟ್ಟು ಒರೆಸಿದಳು. ಹಿಟ್ಟು ಹೋಯಿತು, ಬಿಳುಪು ಹಾಗೇ ಉಳಿಯಿತು.