ಶೋಭಿತಾಳ ಕೈಗೆ ಕೊಟ್ಟ ನೀಲಿ ಡಬ್ಬಿ

ಮಾವ ನಗುತ್ತಿದ್ದಾನೆ!

ಮಳವಳ್ಳಿಯ ತವರಿನಿಂದ ಗಂಡನೂರು ಕೊತ್ತತ್ತಿಗೆ ವಾಪಸ್ ಹೊರಟಿದ್ದ ಅರುಂಧತಿ, ಬಸ್ಸು ಮದ್ದೂರಿನಲ್ಲಿ ನಿಂತಾಗ ಕಿಟಕಿಯಿಂದ ನೋಡಿದ್ದು ಅದನ್ನೇ. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಇರಬೇಕಾಗಿದ್ದ, ಅರುಂಧತಿ ಮಾವ ಎಂದೇ ಕರೆಯುತ್ತಿದ್ದ ಗಂಡ ರವಿಚಂದ್ರ, ಹಸಿರು ಚೂಡಿದಾರದವಳೊಬ್ಬಳ ಎದುರು ನಿಂತಿದ್ದ. ಅವಳ ಅಂಗೈಗೆ ಪುಟ್ಟ ನೀಲಿ ಡಬ್ಬಿಯೊಂದನ್ನು ಇಟ್ಟ. ಓಲೆ ಇಡುವಂಥ ಡಬ್ಬಿ! ಮೇಲೆ ಬಿಸಿ ವಡೆಯ ಪೊಟ್ಟಣ ಬೇರೆ.

"ಉಸಾರಾಗಿ ಓಗ್ಬನ್ನಿ, ಶೋಭಿತಾ..."

ಬಸ್ಸು ಹೊರಟಿತು. ಅರುಂಧತಿಯ ಕೈ ತಾನಾಗಿ ಹೊಟ್ಟೆಯ ಹೊಲಿಗೆಯ ಮೇಲೆ ಹೋಯಿತು.

ಅಂಡಾಶಯದಲ್ಲಿ ಗಡ್ಡೆ. ಲಕ್ಷಕ್ಕೊಬ್ಬರಿಗೆ ಬರುವ ಜಾತಿಯದು ಎಂದಿದ್ದರು ಮಂಡ್ಯದ ಡಾಕ್ಟರು. ಆರು ತಿಂಗಳ ಹಿಂದೆ ಕೊಯ್ದು ತೆಗೆದರೂ ಒಳಗೆ ಅಲ್ಲಲ್ಲಿ ಉಳಿದಿತ್ತು. ಮಾಮೂಲಿ ಔಷಧಿಗೆ ಅದು ಜಗ್ಗಲಿಲ್ಲ. ಆಮೇಲಿಂದ ರವಿಚಂದ್ರ ಮನೆಯಲ್ಲಿ ನಕ್ಕಿದ್ದೇ ಇಲ್ಲ.

'ನನ್ನ ಮುಂದೆ ಬಾರದ ನಗು ಅವಳ ಮುಂದೆ ಬಂತಾ? ನಾನು ಇರುವಾಗಲೇ ಇನ್ನೊಬ್ಬಳನ್ನು ನೋಡಿಕೊಂಡನಾ...'

ಕೇಳಲು ಬಾಯಿ ಬರಲಿಲ್ಲ. ಮೂರು ವಾರ ಸುಮ್ಮನೆ ನೋಡುತ್ತಲೇ ಇದ್ದಳು. ಫೋನಿನಲ್ಲಿ ಆ ಹೆಸರು ಬಂದೊಡನೆ ಅವನು ನಾಲೆಯ ಕಡೆ ಎದ್ದು ಹೋಗುತ್ತಿದ್ದ. ಇತ್ತ ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು.

"ಏನಮ್ಮಿ, ಸಮುದ್ರಾನೇ ಬಗ್ಗಿಸ್ಬುಟ್ಟಿದ್ದೀಯ!" ಅತ್ತೆ ಪಟ್ಟಲಮ್ಮ ಮುಖ ಸಿಂಡರಿಸಿದರು.

ಒಂದು ಬೆಳಿಗ್ಗೆ ಅವನು ಬಚ್ಚಲಲ್ಲಿದ್ದಾಗ ಫೋನು ಬಡಿದುಕೊಂಡಿತು.

ಶೋಭಿತಾ!

ಜನ್ಮದಲ್ಲಿ ಯಾರಿಗೂ ಎದುರು ಮಾತಾಡದ ಅರುಂಧತಿ ಅವತ್ತು ಫೋನೆತ್ತಿದಳು.

"ಅವ್ನಿಗೆ ಎಂಡ್ತಿ ಅವ್ಳೆ ಕಣಮ್ಮ. ಇನ್ನೂ ಬದುಕವ್ಳೆ!"

ಆಚೆಯ ದನಿ ಮೆತ್ತಗಾಯಿತು.

"ಅರುಂಧತಿ ಅವರಾ? ನಾನು ಲ್ಯಾಬಿನವಳು. ನಿಮ್ಮ ಗಡ್ಡೆಯ ಜೀನ್ ಪರೀಕ್ಷೆಯ ರಿಪೋರ್ಟ್ ಬಂದಿದೆ. ಅದು ಬೆಳೆಯೋಕೆ ಕಾರಣವಾದ ಬದಲಾವಣೆ ಯಾವುದು ಅಂತ ಸಿಕ್ಕಿದೆ. ಅದನ್ನೇ ತಡೆಯೋ ಮಾತ್ರೆ ಇದೆ. ನಿಮಗೆ ಕೊಡಬಹುದಾ ಅಂತ ಡಾಕ್ಟರ್ ನೋಡ್ತಾರೆ... ರವಿಚಂದ್ರ ಅವರಿಗೆ ಹೇಳಿ. ಪಾಪ, ಮೂರು ವಾರದಿಂದ ಕೇಳ್ತಾನೇ ಇದ್ರು."

ಮಾತು ನಿಂತ ಮೇಲೂ ಫೋನು ಕಿವಿಯಲ್ಲೇ ಇತ್ತು. ತಲೆಯಿಂದ ನೀರು ಸೋರುತ್ತ ಅವನು ಬಾಗಿಲಲ್ಲಿ ನಿಂತಿದ್ದ.

"ಮದ್ದೂರಲ್ಲಿ ಕೊಟ್ಟ ಡಬ್ಬೀಲಿ ಏನಿತ್ತು, ಮಾವ?"

"ನೋಡ್ಬುಟ್ಟಾ?" ಅವನು ಹೊಸ್ತಿಲ ಪಕ್ಕದಲ್ಲೇ ಕುಸಿದು ಕೂತ. "ನಿನ್ ಗಡ್ಡೇದೇ ಒಂದು ಚೂರು ಕಣಮ್ಮಿ. ಕೆಡದಂಗೆ ಆಸ್ಪತ್ರೆಯೋರು ಮೇಣದಲ್ಲಿ ಇಕ್ಕಿ ಕೊಟ್ಟಿದ್ರು, ಅದ್ನ ಲ್ಯಾಬಿಗೆ ಒಯ್ಯಾಕೆ ಅವ್ರು ಮದ್ದೂರ್ಗೆ ಬಂದಿದ್ರು. ಮೊದ್ಲು ತಂದಿದ್ದನ್ನ ಅವ್ವ ತೆಂಗಿನ ಬುಡದಲ್ಲಿ ಮಣ್ಣು ಮಾಡ್ಬುಡ್ತು! ಮೈಯಿಂದ ಕೊಯ್ದಿದ್ದು ಮನೇಲಿ ಇರಬಾರ್ದಂತೆ. ಆಸ್ಪತ್ರೇಲಿ ಉಳಿದಿದ್ದು ಇದೊಂದೇ. ಅದ್ಕೇ ಮನೇಲಿ ಬಾಯ್ಬುಡ್ಲಿಲ್ಲ. ನಿಂಗೆ ಏಳಿ, ಆಮೇಲೆ ಏನೂ ಸಿಕ್ದಿದ್ರೆ... ನೀನು ಇನ್ನೂ ಕುಗ್ಗೋಗ್ತಿದ್ದೆ."

ತನ್ನದೇ ಮೈಯ ಚೂರಿನ ಮೇಲೆ ಮೂರು ವಾರ ಹೊಟ್ಟೆ ಉರಿದುಕೊಂಡಿದ್ದಳು! ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು. ಆದರೂ ಒಂದು ಉರಿ ಇನ್ನೂ ಆರಿರಲಿಲ್ಲ.

"ಮತ್ತೆ ವಡೆ ಯಾಕೆ ಕೊಡ್ಸಿದ್ದು? ನಗ್ತಾ ಬೇರೆ ಇದ್ದೆ!"

"ನಿನ್ ಚೂರ್ನ ಎತ್ಕೊಂಡು ಓಗೋಳ್ನ ಬರಿಗೈಲಿ ಕಳ್ಸಾಕಾಯ್ತದಾ?" ಅವನು ತಲೆ ತಗ್ಗಿಸಿದ. "ಇನ್ನು ನಗು... ನೀನು ಉಳಿತೀಯ ಅಂತ ಅವತ್ತೇ ಮೊದಲ್ನೇ ಸಲ ಆಸೆ ಉಟ್ಟಿದ್ದು ಕಣೆ."

ಅರುಂಧತಿ ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಒದ್ದೆ ತಲೆ ಒರೆಸಿದಳು.

"ಮಾವ..."

"ಊಂ?"

"ನಂಗೂ ವಡೆ ಬೇಕು."