ಟೋನಿಗೆ ಕಾಯದೆ

ಹಾಲ್ವರ್‌ನನ್ನು ನಾನು ಮೊದಲ ಸಲ ಬೈದದ್ದು ಅವನ ಎದುರಿಗೇ. ಅವನೇ ಹಾಲ್ವರ್ ಎಂದು ಆಗ ಗೊತ್ತಿರಲಿಲ್ಲ, ಅಷ್ಟೆ.

ಅಕ್ಟೋಬರ್‌ನ ಒಂದು ಶುಕ್ರವಾರ. ಪೋರ್ಚುಗಲ್ಲಿನವರು ಕ್ರಿಸ್‌ಮಸ್ಸಿಗೆ ನಮ್ಮಿಂದ ಉಪ್ಪುಮೀನು ಕೊಳ್ಳುವ ಕಾಲ. ನಮ್ಮ ಆಫೀಸಿನ ಒಂದೇ ಒಂದು ಫ್ಯಾಕ್ಸ್ ಯಂತ್ರ ಲಿಸ್ಬನ್ನಿನ ಆರ್ಡರನ್ನು ಅರ್ಧ ಉಗುಳಿ, ಉಳಿದರ್ಧವನ್ನು ಕಚ್ಚಿಕೊಂಡು ನಿಂತಿತ್ತು. ನಾನು ಮಂಡಿಯೂರಿ ಕಾಗದ ಎಳೆಯುತ್ತಿದ್ದೆ. ಬಾಗಿಲಲ್ಲಿ ಬೆನ್ನುಚೀಲ ಹೊತ್ತ ಉದ್ದನೆಯ ಮನುಷ್ಯನೊಬ್ಬ ಕಾಣಿಸಿದ. ಕೆಟ್ಟುಹೋದ ಜೆರಾಕ್ಸ್ ಯಂತ್ರವನ್ನು ಒಯ್ಯಲು ಬಂದವನು ಎಂದುಕೊಂಡೆ.

"ಸುಮ್ನೆ ನಿಲ್ಲಬೇಡಿ, ಈ ತುದಿ ಹಿಡ್ಕೊಳ್ಳಿ."

ಹಿಡಿದ.

"ಮೋಲ್ಡೆಯಿಂದ ಒಬ್ಬ ಮೋಡೆಮ್ ಮಾರೋನು ಬರ್ತಾನಂತೆ ಇವತ್ತು. ಬಾಯಿ ಬಿಟ್ರೆ ಸುಳ್ಳು. ಒಂದು ಬೇಕು ಅಂದ್ರೆ ನಾಲ್ಕು ತಗಲಿಸಿ ಹೋಗ್ತಾರೆ ಇವರು."

"ಹೌದಾ?"

"ಮತ್ತಿನ್ನೇನು! ಟೈ ಕಟ್ಕೊಂಡು ಬರ್ತಾನೆ, ನೋಡ್ತಿರಿ."

ಕಾಗದ ಬಿಡಿಸಿಕೊಂಡಿತು. ಅವನು ಅದನ್ನು ಮೇಜಿನ ಮೇಲೆ ಹರಡಿ, ಸುಕ್ಕನ್ನು ಅಂಗೈಯಿಂದ ನೀವಿ ಸಮಮಾಡಿದ. ಆಮೇಲೆ ಬೆನ್ನುಚೀಲದಿಂದ ಉಣ್ಣೆಯ ಕಾಲುಚೀಲಗಳನ್ನು ಹೊರತೆಗೆದ. ಒಂದೊಂದರೊಳಗೂ ಒಂದೊಂದು ಮೋಡೆಮ್.

"ಟೈ ಮರೆತು ಬಂದೆ," ಎಂದ.

ನನ್ನ ಕಿವಿ ಕಾದುಹೋಯಿತು. ಅವನ ಕಿವಿಯೂ ಕೆಂಪಾಗಿತ್ತು. ಬೈಸಿಕೊಂಡವನು ಯಾಕೆ ನಾಚುತ್ತಾನೆಂದು ನನಗೆ ತಿಳಿಯಲಿಲ್ಲ.

ನಮ್ಮ ಮಾಲೀಕ ಒಡ್ವಾರ್ ಆ ವರ್ಷ ಆಫೀಸಿಗೆ ಸರ್ವರ್ ತರಿಸಿದ್ದರು. ಇನ್ನು ಮೇಲೆ ಫ್ಯಾಕ್ಸೂ ಅದರಿಂದಲೇ ಹೋಗಬೇಕು ಎಂಬುದು ಅವರ ಹಟ. "ಯಾವ ಸಾಫ್ಟ್‌ವೇರ್, ಯಾವ ಮೋಡೆಮ್ ಅಂತ ಇಂಗುನ್ ಆರಿಸ್ಲಿ," ಎಂದು ಎಲ್ಲರೆದುರು ಹೇಳಿದ್ದರು. "ತಪ್ಪು ಆರಿಸಿದ್ರೆ, ಮಾರಾಟ ಆಗದ ಮೀನನ್ನೆಲ್ಲ ಅವಳೇ ತಿನ್ಲಿ." ಇಂಗುನ್ ಎಂದರೆ ನಾನು. ಉಪ್ಪುಮೀನಿನ ಊರಾದ ಕ್ರಿಸ್ತಿಯಾನ್‌ಸುಂಡ್‌ನಲ್ಲಿ ಹುಟ್ಟಿದವಳಾದರೂ ಅಷ್ಟು ಮೀನು ತಿನ್ನುವ ಶಕ್ತಿ ನನಗಿಲ್ಲ.

ಹಾಲ್ವರ್ ಏನನ್ನೂ ಹೊಗಳಲಿಲ್ಲ. ಪ್ರಶ್ನೆ ಕೇಳಿದ. ಎರಡು ಸಾಫ್ಟ್‌ವೇರ್‌ಗಳ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು, "ಹೋಗದೇ ಉಳಿದ ಫ್ಯಾಕ್ಸ್ ವಿಷಯ ಯಾರಿಗೆ ಗೊತ್ತಾಗಬೇಕು?" ಎಂದ.

"ಕಳಿಸಿದೋರಿಗೆ. ಈಗ ಎಲ್ಲ ನನ್ನ ತಲೆಗೇ ಬರುತ್ತೆ."

"ಹಾಗಾದ್ರೆ ಈ ಅಗ್ಗದ್ದು ಬೇಡ. ಅದು ಒಬ್ಬರ ಮೇಜಿಗೆ ಸರಿ. ಇದು ಎಲ್ಲರ ಫ್ಯಾಕ್ಸನ್ನೂ ಸಾಲಲ್ಲಿ ನಿಲ್ಲಿಸುತ್ತೆ. ಆ ಕಡೆ ಲೈನ್ ಎಂಗೇಜ್ ಇದ್ರೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಕರೆಯುತ್ತೆ. ಆಗಲೇ ಇಲ್ಲ ಅಂದ್ರೆ ಕಳಿಸಿದೋರಿಗೆ ಸುದ್ದಿ."

"ಬೇಜಾರು ಮಾಡ್ಕೊಳ್ಳದೆ ಮತ್ತೆ ಮತ್ತೆ ಕರೆಯುತ್ತಾ? ಗಂಡಸರಲ್ಲಿ ಇಂಥದ್ದನ್ನ ನೋಡಿಲ್ಲ ನಾನು."

ಅವನು ಪೆಟ್ಟಿಗೆಯ ಹಿಂಬದಿಯನ್ನು ಬಹಳ ಗಮನವಿಟ್ಟು ಓದತೊಡಗಿದ.

ಮೋಡೆಮ್ ಆರಿಸುವುದಕ್ಕೆ ವಾರಗಳೇ ಹಿಡಿದವು. ಅವನು ತಂದ ಮೂರರಲ್ಲಿ ಒಂದು ಸರ್ವರಿನ ಹೊಟ್ಟೆಯೊಳಗೆ ಸೇರಿಕೊಳ್ಳುವ ಕಾರ್ಡು. ಅದನ್ನು ಅವನೇ ಬೇಡವೆಂದ. ಅದು ಮೊಂಡು ಹಿಡಿದರೆ ಇಡೀ ಸರ್ವರನ್ನೇ ಆಫ್ ಮಾಡಿ ಮತ್ತೆ ಹಚ್ಚಬೇಕು; ಹೊರಗಿನ ಡಬ್ಬಿಯಾದರೆ ಅದೊಂದರ ಗುಂಡಿ ಒತ್ತಿದರೆ ಸಾಕು, ಮುಂದಿನ ದೀಪಗಳಲ್ಲಿ ಅದು ಏನು ಮಾಡುತ್ತಿದೆ ಎಂದೂ ಕಾಣುತ್ತದೆ. ಉಳಿದ ಎರಡು ಡಬ್ಬಿಗಳಲ್ಲಿ ಒಂದು ಹೊಸದು, ಚುರುಕು. ಇನ್ನೊಂದು ದಪ್ಪ, ನಿಧಾನ. ಹಳೇ ಫ್ಯಾಕ್ಸಿನ ತಂತಿಯನ್ನು ಅವುಗಳಿಗೆ ಚುಚ್ಚಿ ಬ್ರೆಜಿಲ್‌ನ ರೆಸಿಫೆಗೆ ಹಾಳೆ ಕಳಿಸಿ ನೋಡುತ್ತಿದ್ದೆವು. ನಮ್ಮ ಗಿರಾಕಿಗಳಲ್ಲೆಲ್ಲ ಅತಿ ಕೆಟ್ಟ ಲೈನು ಅವರದ್ದೇ.

ಡಬ್ಬಿ ಕೀರಲು ದನಿಯಲ್ಲಿ ಕಿರುಚತೊಡಗಿದಾಗ ಅವನು ತಲೆ ಓರೆಮಾಡಿ ಆಲಿಸುತ್ತಿದ್ದ. ಕೆನ್ನೆಯ ಮೇಲೆ ಹಸಿರು ದೀಪ ಮಿನುಗುತ್ತಿತ್ತು. ನೋಡಬಾರದೆಂದುಕೊಂಡೇ ನೋಡುತ್ತಿದ್ದೆ.

"ಏನಂತೆ?"

"ಚೌಕಾಸಿ ನಡೀತಿದೆ. ಇದು ಜೋರಾಗಿ ಮಾತಾಡ್ತೀನಿ ಅನ್ನುತ್ತೆ. ಆ ಕಡೆಯದು ನನಗೆ ಕೇಳ್ತಿಲ್ಲ, ನಿಧಾನ ಅನ್ನುತ್ತೆ. ಇಬ್ಬರಿಗೂ ಆಗೋ ವೇಗ ಸಿಕ್ಕಿದ್ರೆ ಹಾಳೆ ಹೊರಡುತ್ತೆ."

"ಸಿಗದಿದ್ರೆ?"

"ಫೋನ್ ಇಟ್ಟುಬಿಡ್ತಾರೆ."

ಚುರುಕಿನದು ಮೂರಕ್ಕೆ ಎರಡು ಸಲ ಫೋನ್ ಇಟ್ಟಿತು. ದಪ್ಪನೆಯದು ಇಳಿದು ಇಳಿದು, ಹೇಗೋ ಒಂದು ವೇಗಕ್ಕೆ ಒಪ್ಪಿ, ಹಾಳೆ ಮುಟ್ಟಿಸಿತು. "ಇದೇ ಇರಲಿ," ಎಂದೆ. "ನಾನಾಗಿದ್ರೂ ಇದನ್ನೇ ಆರಿಸ್ತಿದ್ದೆ," ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಆರಿಸಬೇಕಾದೋರು ನೀವಲ್ವಾ," ಎಂದ.

ಅವನು ಬರುತ್ತಿದ್ದದ್ದು ಶುಕ್ರವಾರ. ನಮ್ಮ ಆಫೀಸಿನಲ್ಲಿ ವಾಫಲ್ ಎಂಬ ಸಿಹಿದೋಸೆ ಮಾಡುವ ದಿನ.

"ಶುಕ್ರವಾರಾನೇ ಯಾಕೆ ಆರಿಸ್ಕೊಂಡ್ರಿ?" ಎಂದು ಒಮ್ಮೆ ಕೆಣಕಿದೆ. "ವಾಫಲ್ ವಾಸನೆ ಮೋಲ್ಡೆವರೆಗೂ ಬರುತ್ತಾ?"

"ಶುಕ್ರವಾರ ಲೈನು ಖಾಲಿ ಇರುತ್ತೆ."

ನನ್ನ ಕೈಯಿಂದ ಬಿಸಿ ವಾಫಲ್ ತೆಗೆದುಕೊಂಡು, ಕಂದು ಚೀಸ್ ಹಚ್ಚಿ, ನಿಧಾನವಾಗಿ ತಿಂದ. "ಕೆಟ್ಟದ್ದೇನಲ್ಲ," ಎಂದ. ನಮ್ಮೂರ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನ್ನಪ್ಪ ಅಮ್ಮನನ್ನು ಮೆಚ್ಚಿದ್ದೂ ಇದೇ ಮಾತಿನಲ್ಲಂತೆ.

ಆಮೇಲೆ, ತಟ್ಟೆಯನ್ನೇ ನೋಡುತ್ತ, "ಟ್ರೋಮ್ಸೋದಲ್ಲಿ ಒಂದು ಕೆಲಸ ಸಿಕ್ಕಿದೆ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು," ಎಂದ.

ಟ್ರೋಮ್ಸೋ ಎಂದರೆ ಭೂಪಟದ ನೆತ್ತಿ. ನಾನು ಏನಾದರೂ ಹೇಳಬೇಕಿತ್ತು. "ಅಲ್ಲಿ ಚಳಿ," ಎಂದೆ.

"ಹೌದು," ಎಂದ. ಅವನೂ ಕಾದ, ನಾನೂ ಕಾದೆ. ಯಂತ್ರದಲ್ಲಿ ವಾಫಲ್ ಸೀದುಹೋಯಿತು.

ಅದೇ ದಿನ ಮಧ್ಯಾಹ್ನ ಎಲ್ಲವನ್ನೂ ಸರ್ವರಿಗೆ ಜೋಡಿಸಿದ್ದಾಯಿತು. ಒಡ್ವಾರ್ ಕೈಕಟ್ಟಿ ನಿಂತರು. ರೆಸಿಫೆಗೆ ಹೋಗಬೇಕಾದ ಬೆಲೆಯ ಹಾಳೆಯನ್ನು ನಾನೇ ಕಳಿಸಿದೆ. ಪರದೆಯ ಮೇಲೆ ಬಂದದ್ದು: ಡಯಲ್ ಟೋನ್ ಇಲ್ಲ.

ಮತ್ತೆ ಕಳಿಸಿದೆ. ಡಯಲ್ ಟೋನ್ ಇಲ್ಲ.

"ಏನಮ್ಮಾ ಇದು?" ಎಂದರು ಒಡ್ವಾರ್. "ಬ್ರೆಜಿಲಿನೋರು ಇವತ್ತು ಬೆಲೆ ನೋಡ್ದಿದ್ರೆ ಐಸ್‌ಲ್ಯಾಂಡ್‌ನೋರ ಹತ್ರ ತಗೋತಾರೆ. ಬಾಣಲೆ ಇದೆಯಾ ನಿಮ್ಮನೇಲಿ, ದೊಡ್ಡದು?"

ನಾನು ಆಫೀಸಿನ ಫೋನೆತ್ತಿ ಕಿವಿಗಿಟ್ಟುಕೊಂಡೆ. ಗುಂಯ್ ಎನ್ನುವ ಟೋನ್ ಸ್ಪಷ್ಟವಾಗಿತ್ತು. ಸುಮ್ಮನೆ ಅದನ್ನು ಹಾಲ್ವರ್ ಕಿವಿಗಿಟ್ಟೆ. ಬೆರಳಿಗೆ ಅವನ ಕೂದಲು ತಾಗಿತು.

ಅವನ ಮುಖ ಅರಳಿತು. "ಅಯ್ಯೋ, ನಾನೆಂಥ ಪೆದ್ದ! ಇಷ್ಟು ದಿನ ನೋಡಿದ್ದು ಹಳೇ ಫ್ಯಾಕ್ಸಿನ ನೇರ ಲೈನಲ್ಲಿ. ಈಗ ಹೋಗ್ತಿರೋದು ನಿಮ್ಮ ಆಫೀಸಿನ ಎಕ್ಸ್‌ಚೇಂಜ್ ಮೂಲಕ. ಅದರ ಟೋನ್ ರಾಗ ಬೇರೆ. ಟೋನ್ ಬರ್ತಾನೇ ಇದೆ, ಅದು ಟೋನ್ ಅಂತ ಮೋಡೆಮ್‌ಗೆ ಗೊತ್ತಾಗ್ತಿಲ್ಲ. ಸುಮ್ನೆ ಕಾಯ್ತಾ ಕೂತಿದೆ."

"ಈಗೇನು ಮಾಡೋದು?"

"ಕಾಯಬೇಡ, ಕರೆದುಬಿಡು ಅಂತ ಹೇಳಬೇಕು ಅದಕ್ಕೆ."

ಕೀಲಿಮಣೆಯಲ್ಲಿ ಒಂದಕ್ಷರ, ಒಂದಂಕಿ ಒತ್ತಿದ. ದಪ್ಪ ಡಬ್ಬಿ ಕಿರುಚಿತು, ಚೌಕಾಸಿ ಮಾಡಿತು, ದೀಪ ಮಿನುಗಿಸಿತು. ಹಾಳೆ ಮುಟ್ಟಿದೆ ಎಂದು ಪರದೆ ಹೇಳಿತು. ಕಾಫಿ ಆರುವ ಮೊದಲೇ ರೆಸಿಫೆಯಿಂದ ಆರ್ಡರ್ ಬಂತು.

"ಕೆಟ್ಟದ್ದೇನಲ್ಲ," ಎಂದರು ಒಡ್ವಾರ್.

ಹಾಲ್ವರ್ ಖಾಲಿ ಕಾಲುಚೀಲಗಳನ್ನು ಮಡಚಿ ಚೀಲಕ್ಕೆ ತುಂಬಿದ. ನನ್ನ ಕೈ ಕುಲುಕಿದ. ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು. "ಇನ್ನೇನೂ ತೊಂದರೆ ಬರಲ್ಲ ನಿಮಗೆ," ಎಂದು ಹೇಳಿ ಹೋದ.

ನಾನು ಕುರ್ಚಿಯಲ್ಲಿ ಕುಳಿತೆ. ಸರ್ವರಿನ ಸಾಲಿನಲ್ಲಿ ಫ್ಯಾಕ್ಸುಗಳು ನಿಂತಿದ್ದವು. ಲಿಸ್ಬನ್ ಎಂಗೇಜ್, ಪೋರ್ಟೊ ಎಂಗೇಜ್. ಯಾಕೆ ಇಷ್ಟು ಎಂಗೇಜ್ ಎಂದು ನೋಡಿದೆ. ಶುಕ್ರವಾರವಲ್ಲವೇ, ವಾರದ ಆರ್ಡರೆಲ್ಲ ಮುಗಿಸುವ ದಿನ. ವಾರದಲ್ಲಿ ಅತಿ ಹೆಚ್ಚು ತುಂಬಿರುವ ಲೈನು ಶುಕ್ರವಾರದ್ದೇ. ಖಾಲಿ ಇರುತ್ತೆ ಎಂದಿದ್ದನಲ್ಲ; ಲೈನುಗಳ ಕಸುಬಿನವನಿಗೆ ಇದು ಗೊತ್ತಿರದೆ ಇರುತ್ತದೆಯೇ?

ಕೋಟು ತೋಳಿಗೆ ಏರುವ ಮೊದಲೇ ನಾನು ಮೆಟ್ಟಿಲಿಳಿಯುತ್ತಿದ್ದೆ.

ನಮ್ಮ ಆಫೀಸಿರುವ ದ್ವೀಪದಿಂದ ಬಸ್ ನಿಲ್ದಾಣದ ದಂಡೆಗೆ ಸಣ್ಣ ದೋಣಿ ಹೋಗುತ್ತದೆ. ಹಗ್ಗ ಬಿಚ್ಚುತ್ತಿದ್ದಾಗ ಹಾರಿ ಹತ್ತಿದೆ. ಒಳಗೆ ನಾಲ್ಕೈದು ಜನ, ಒಬ್ಬೊಬ್ಬರೂ ಒಂದೊಂದು ಬೆಂಚಿನಲ್ಲಿ. ನಮ್ಮಲ್ಲಿ ಹಾಗೆಯೇ. ಖಾಲಿ ಬೆಂಚಿರುವಾಗ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ. ಕೂತರೆ ಒಂದೋ ಕುಡಿದಿರಬೇಕು, ಇಲ್ಲವೇ ಮದುವೆಯಾಗಿರಬೇಕು.

ಹಾಲ್ವರ್ ಕಿಟಕಿಯ ಬಳಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೋಗಿ ಅವನ ಪಕ್ಕದಲ್ಲಿ ಕೂತೆ.

ಎದುರಿನ ಮುದುಕ ಪೇಪರ್ ಇಳಿಸಿ ನೋಡಿದ.

"ಫ್ಯಾಕ್ಸ್ ಕೆಟ್ಟೋಯ್ತಾ?" ಎಂದ ಹಾಲ್ವರ್, ಗಾಬರಿಯಿಂದ.

"ಇಲ್ಲ. ಚೆನ್ನಾಗಿ ಓಡ್ತಿದೆ. ಅದೇ ತೊಂದರೆ. ಇನ್ನು ನಿನ್ನನ್ನ ಕರೆಸೋಕೆ ನೆಪ ಉಳಿದಿಲ್ಲ."

ಅವನ ಕಿವಿ ಕೆಂಪೇರಿತು, ಮೊದಲ ದಿನದ ಹಾಗೆ.

"ಟ್ರೋಮ್ಸೋಗೆ ಹೋಗಬೇಡ," ಎಂದೆ. "ಚಳಿ ಅಂತಲ್ಲ. ನಾನು ಇಲ್ಲಿದೀನಿ, ಅದಕ್ಕೆ."

ದೋಣಿ ದಂಡೆಗೆ ತಾಗಿತು. ಜನ ಇಳಿದರು. ಪೇಪರಿನ ಮುದುಕ ಮನಸ್ಸಿಲ್ಲದ ಮನಸ್ಸಿನಿಂದ ಕೊನೆಯಲ್ಲಿ ಇಳಿದ. ಟಿಕೆಟ್ ಕೊಡುವ ಹೆಂಗಸು ನಮ್ಮ ಮುಂದೆ ಬಂದು ನಿಂತಳು. "ದಂಡೆ ಬಂತು. ಇಳಿಯಲ್ವಾ ನೀವಿಬ್ರೂ?"

"ಬಸ್ ತಪ್ಪುತ್ತೆ ನಿಂಗೆ," ಎಂದೆ.

ಹಾಲ್ವರ್ ಚೀಲವನ್ನು ತೊಡೆಯಿಂದ ಎತ್ತಿ ಕೆಳಗೆ, ಕಾಲ ಬಳಿ ಇಟ್ಟ. "ವಾಪಸ್ಸಿಗೆ ಎರಡು ಟಿಕೆಟ್ ಕೊಡಿ," ಎಂದ ಆ ಹೆಂಗಸಿಗೆ.

ದೋಣಿ ಮತ್ತೆ ಹೊರಟಿತು. ಒಳಗೆ ನಾವಿಬ್ಬರೇ, ಉಳಿದೆಲ್ಲ ಬೆಂಚು ಖಾಲಿ.

"ನಾಳೆ ಶನಿವಾರ," ಎಂದೆ. "ಬಕಲಾವ್ ಮಾಡ್ತೀನಿ. ನಮ್ಮದೇ ಮೀನು, ಟೊಮ್ಯಾಟೊ ಜಾಸ್ತಿ ಹಾಕಿ. ಬಾ."

ಅವನು ನನ್ನ ಕಡೆ ತಿರುಗಿ, ಆ ಹಸಿರು ದೀಪಗಳನ್ನು ನೋಡುತ್ತಿದ್ದಷ್ಟೇ ಗಮನವಿಟ್ಟು ನನ್ನನ್ನು ನೋಡಿದ.

"ಕೆಟ್ಟದ್ದೇನಲ್ಲ," ಎಂದ.

"ಇನ್ನೂ ಮಾಡೇ ಇಲ್ವಲ್ಲೋ!"

"ಅಡುಗೆ ಬಗ್ಗೆ ಹೇಳಲಿಲ್ಲ ನಾನು."